ಎರಡು ಕಿಲೋಮೀಟರ್ ನೀರಿನಡಿಯ ಅನಿಲ

ಕಾಕಿನಾಡದ ಆಚೆ ಬಂಗಾಳ ಕೊಲ್ಲಿಯ ತಳ ಬಲುಬೇಗ ಕೆಳಗಿಳಿಯುತ್ತದೆ. ದಡ ಬಿಟ್ಟು ಹತ್ತಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಆಳ ಸಾವಿರ ಮೀಟರ್ ಮುಟ್ಟುತ್ತದೆ. ಅಲ್ಲಿನ ಕೆಸರಿನ ಕೆಳಗೆ ಕೃಷ್ಣಾ, ಗೋದಾವರಿ ಲಕ್ಷಾಂತರ ವರ್ಷ ಹೊತ್ತು ತಂದು ಸುರಿದ ಮರಳಿನ ಪದರಗಳಿವೆ. ನಮ್ಮ ಭೀಮಾ, ತುಂಗಭದ್ರಾ ಕೊರೆದುಕೊಂಡು ಹೋದ ಮಣ್ಣೂ ಅದರಲ್ಲಿ ಸೇರಿದೆ. ಆ ಮರಳಿನ ಸಂದಿಗಳಲ್ಲಿ ಸಿಕ್ಕಿಕೊಂಡಿರುವುದು ಹೆಚ್ಚೂಕಡಿಮೆ ಶುದ್ಧ ಮೀಥೇನ್. ಕೆಜಿ-ಡಿ6 ಎಂಬ ಬ್ಲಾಕ್‌ನಲ್ಲಿ ರಿಲಯನ್ಸ್ ಕಂಪನಿಗೆ ಈ ಅನಿಲ ಸಿಕ್ಕಿದ್ದು 2002ರಲ್ಲಿ; ದಡಕ್ಕೆ ಹರಿದುಬಂದದ್ದು 2009ರ ಏಪ್ರಿಲ್‌ನಲ್ಲಿ. ಆಳಸಮುದ್ರದ ಕೆಲಸಕ್ಕೆ ಏಳು ವರ್ಷ ಜಾಸ್ತಿಯೇನಲ್ಲ.

ಮುಂಬೈ ಹೈ ತೈಲಕ್ಷೇತ್ರದಲ್ಲಿ ನೀರಿನ ಆಳ ಸುಮಾರು 75 ಮೀಟರ್. ಅಲ್ಲಿ ತಳಕ್ಕೆ ಉಕ್ಕಿನ ಕಾಲುಗಳನ್ನು ಊರಿ, ಮೇಲೆ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಬಾವಿ ನೋಡಿಕೊಳ್ಳಬಹುದು. ಎರಡು ಸಾವಿರ ಮೀಟರ್ ನೀರಿನಲ್ಲಿ ಕಾಲೂರುವ ಮಾತೇ ಇಲ್ಲ. ಕೊರೆಯುವ ಹಡಗು ಲಂಗರನ್ನೂ ಹಾಕುವುದಿಲ್ಲ. ಉಪಗ್ರಹದ ಸಂಕೇತ ನೋಡಿಕೊಂಡು, ತನ್ನ ತಳದಲ್ಲಿರುವ ಪ್ರೊಪೆಲ್ಲರ್‌ಗಳನ್ನು ಅತ್ತಿತ್ತ ತಿರುಗಿಸುತ್ತಾ ಬಾವಿಯ ನೆತ್ತಿಯ ಮೇಲೇ ನಿಂತಿರುತ್ತದೆ. ಕೊರೆದಾದ ಮೇಲೆ ಹಡಗು ಹೊರಟುಹೋಗುತ್ತದೆ. ಬಾವಿಯ ಬಾಯಿಗೆ ಜೋಡಿಸಿದ ವಾಲ್ವ್‌ಗಳ ಗೋಪುರ, ಎಂಜಿನಿಯರ್‌ಗಳ ಮಾತಿನಲ್ಲಿ ಕ್ರಿಸ್‌ಮಸ್ ಟ್ರೀ, ಕತ್ತಲಲ್ಲಿ ಕಡಲತಳದ ಮೇಲೇ ಉಳಿಯುತ್ತದೆ. ಅಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ಭಾರ ಹೇರಿದಷ್ಟು ಒತ್ತಡ. ಮುಳುಗುಗಾರರು ಅಷ್ಟು ಕೆಳಗೆ ಇಳಿಯಲಾರರು. ವಾಲ್ವ್ ಕೈಯಿಂದ ತಿರುಗಿಸಬೇಕಾಗಿ ಬಂದರೆ ಕ್ಯಾಮೆರಾ ಮತ್ತು ಎರಡು ಯಂತ್ರದ ಕೈಗಳಿರುವ ರೋಬೋ ವಾಹನವನ್ನು ಕೇಬಲ್ ಕಟ್ಟಿ ಇಳಿಸುತ್ತಾರೆ.

ಒತ್ತಡಕ್ಕೇನೋ ದಪ್ಪ ಉಕ್ಕಿನ ಪರಿಹಾರವಿದೆ. ಎಂಜಿನಿಯರ್‌ಗಳ ನಿದ್ದೆ ಕೆಡಿಸುವುದು ಚಳಿ. ಎರಡು ಸಾವಿರ ಮೀಟರ್ ಆಳದಲ್ಲಿ ನೀರಿನ ಉಷ್ಣತೆ 3 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಾವಿಯಿಂದ ಬಿಸಿಯಾಗಿ ಮೇಲೇರುವ ಅನಿಲದ ಜೊತೆ ಅಷ್ಟಿಷ್ಟು ನೀರಾವಿ ಬಂದೇ ಬರುತ್ತದೆ. ಪೈಪಿನಲ್ಲಿ ಅದು ತಣ್ಣಗಾದಾಗ, ನೀರಿನ ಅಣುಗಳು ಮೀಥೇನ್ ಅಣುಗಳ ಸುತ್ತ ಪಂಜರ ಕಟ್ಟಿಕೊಂಡು ಬಿಳಿಯ ಗಡ್ಡೆಯಾಗುತ್ತವೆ. ಇದೇ ಹೈಡ್ರೇಟ್. ನೋಡಲು ಮಂಜುಗಡ್ಡೆ, ಬೆಂಕಿ ತಾಗಿಸಿದರೆ ಉರಿಯುತ್ತದೆ. ಸೊನ್ನೆ ಡಿಗ್ರಿಗಾಗಿ ಅದು ಕಾಯುವುದೂ ಇಲ್ಲ. ಒತ್ತಡ ಸಾಕಷ್ಟಿದ್ದರೆ 15 ಡಿಗ್ರಿಯಲ್ಲೂ ಗಟ್ಟಿಯಾಗಿ ಪೈಪನ್ನು ಮುಚ್ಚಿಬಿಡುತ್ತದೆ.

2010ರ ಮೇ ತಿಂಗಳಲ್ಲಿ ಇದರ ಪ್ರತಾಪವನ್ನು ಜಗತ್ತೇ ನೋಡಿತು. ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ವೇದಿಕೆ ಸ್ಫೋಟಿಸಿ 11 ಜನ ಸತ್ತಿದ್ದರು, 1,500 ಮೀಟರ್ ಆಳದಲ್ಲಿ ಬಾವಿ ಸೋರುತ್ತಲೇ ಇತ್ತು. ಅದರ ಮೇಲೆ ಮುಚ್ಚಳದಂತೆ ಕೂರಿಸಿ ಎಣ್ಣೆಯನ್ನು ಮೇಲಕ್ಕೆ ಹೀರಲು ನೂರು ಟನ್ ತೂಕದ ಉಕ್ಕಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಒಳಗೆ ಹೈಡ್ರೇಟ್ ಕಟ್ಟಿಕೊಂಡು ಕೊಳವೆಯ ಬಾಯಿ ಮುಚ್ಚಿತು. ಗಡ್ಡೆ ನೀರಿಗಿಂತ ಹಗುರವಾದ್ದರಿಂದ ಪೆಟ್ಟಿಗೆಯೇ ತೇಲಲು ನೋಡಿತು. ಕೊನೆಗೆ ಅದನ್ನು ಪಕ್ಕಕ್ಕಿಡಬೇಕಾಯಿತು.

ಕೆಜಿ-ಡಿ6ನಲ್ಲಿ ಇದಕ್ಕೆ ಮದ್ದು ಗ್ಲೈಕಾಲ್. ಕಾರಿನ ರೇಡಿಯೇಟರ್‌ಗೆ ಹಾಕುವ ಕೂಲೆಂಟ್‌ನಲ್ಲಿ ಇರುವುದೇ ಇದು. ಅನಿಲ ದಡಕ್ಕೆ ಬರುತ್ತಿದ್ದರೆ ಗ್ಲೈಕಾಲ್ ಇನ್ನೊಂದು ಕೊಳವೆಯಲ್ಲಿ ಎದುರು ದಿಕ್ಕಿಗೆ ಹೋಗಿ ಬಾವಿಯ ಬಾಯಲ್ಲೇ ಬೆರೆಯುತ್ತದೆ, ನೀರನ್ನು ಹಿಡಿದುಕೊಂಡು ಹಿಂದಿರುಗುತ್ತದೆ. ದಡದಲ್ಲಿ ಕಾಯಿಸಿ ನೀರು ಕಳೆದು ಮತ್ತೆ ಕಳಿಸುತ್ತಾರೆ. ಇಷ್ಟಾದರೂ ಗಡ್ಡೆ ಕಟ್ಟಿಕೊಂಡರೆ ಪೈಪಿನ ಎರಡೂ ಕಡೆಯಿಂದ ಒತ್ತಡವನ್ನು ನಿಧಾನವಾಗಿ ಇಳಿಸಬೇಕು. ಒಂದೇ ಕಡೆ ಇಳಿಸಿದರೆ ಸಡಿಲಗೊಂಡ ಗಡ್ಡೆ ಗುಂಡಿನಂತೆ ಹಾರಿ ಪೈಪಿನ ತಿರುವನ್ನೇ ಸೀಳಬಹುದು.

ಕಡಲಿನ ವಿದ್ಯೆ ಇಷ್ಟು ಅಚ್ಚುಕಟ್ಟಾಗಿ ಕೈಹಿಡಿದ ಮೇಲೂ ಕೆಜಿ-ಡಿ6 ಎಡವಿತು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲದ ಗುರಿಯಿತ್ತು. 2010ರಲ್ಲಿ 6 ಕೋಟಿ ದಾಟಿದ್ದೇ ತುದಿ, ಅಲ್ಲಿಂದ ಇಳಿಮುಖ. ಬಾವಿಗಳಲ್ಲಿ ಒತ್ತಡ ಕುಸಿಯಿತು, ನೀರು ನುಗ್ಗಿತು, ಮರಳು ಬಂತು, ಒಂದೊಂದಾಗಿ ಮುಚ್ಚಿದವು. ಬಾವಿಗಳನ್ನು ಸಾಕಷ್ಟು ಕೊರೆದಿಲ್ಲ ಎಂದು ಸರ್ಕಾರ, ಭೂರಚನೆಯೇ ಎಣಿಸಿದಂತಿಲ್ಲ ಎಂದು ಕಂಪನಿ; ಜಗಳ ಮಧ್ಯಸ್ಥಿಕೆಯವರೆಗೂ ಹೋಯಿತು. ತೆಗೆಯಬಹುದಾದ ಅನಿಲದ ಅಂದಾಜು ಮೊದಲು ಸುಮಾರು 10 ಲಕ್ಷ ಕೋಟಿ ಘನ ಅಡಿ ಇದ್ದದ್ದು ಆಮೇಲೆ ಮೂರನೇ ಒಂದು ಪಾಲಿಗೆ ಇಳಿಯಿತು.

ತಪ್ಪು ಯಾರದೇ ಇರಲಿ, ಇದರ ಹಿಂದೆ ವಿಜ್ಞಾನದ ಒಂದು ಮಿತಿಯಿದೆ. ಹಡಗಿನಿಂದ ಏರ್‌ಗನ್ ಸಿಡಿಸಿ, ಕೆಳಗಿನ ಪದರಗಳಿಂದ ಮರಳುವ ಪ್ರತಿಧ್ವನಿಯಿಂದ ಭೂಗರ್ಭದ ಚಿತ್ರ ಬಿಡಿಸುತ್ತಾರೆ. ಮರಳು ಎಲ್ಲಿದೆ ಎಂಬುದನ್ನು ಆ ಚಿತ್ರ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಎರಡು ಮರಳು ಪಟ್ಟಿಗಳ ನಡುವೆ ತೆಳುವಾದ ಜೇಡಿಮಣ್ಣಿನ ಗೋಡೆಯಿದ್ದರೆ ಅದು ಕಣ್ಣು ತಪ್ಪಿಸಿಕೊಳ್ಳಬಹುದು. ಅನಿಲ ಈ ಪಟ್ಟಿಯಿಂದ ಆ ಪಟ್ಟಿಗೆ ಹರಿಯುತ್ತದೋ ಇಲ್ಲವೋ ಎಂಬುದು ತೆಗೆಯಲು ಶುರುಮಾಡಿದ ಮೇಲೆ, ಒತ್ತಡ ಇಳಿಯುವ ರೀತಿ ನೋಡಿಯೇ ಗೊತ್ತಾಗಬೇಕು. ಅಷ್ಟರಲ್ಲಿ ಹಣವೆಲ್ಲ ನೀರಿಗಿಳಿದಿರುತ್ತದೆ.

ಬ್ಲಾಕ್‌ನ ಈ ಮೊದಲ ಕ್ಷೇತ್ರ 2020ರ ಫೆಬ್ರುವರಿಯಲ್ಲಿ ನಿಂತಿತು. ಅದೇ ಡಿಸೆಂಬರ್‌ನಲ್ಲಿ, ಅದೇ ಬ್ಲಾಕ್‌ನ, ಎರಡು ಸಾವಿರ ಮೀಟರಿಗೂ ಹೆಚ್ಚು ಆಳದ ಆರ್-ಕ್ಲಸ್ಟರ್ ಎಂಬ ಕ್ಷೇತ್ರದಿಂದ ಅನಿಲ ಬರಲಾರಂಭಿಸಿತು. ಸುಮಾರು 60 ಕಿಲೋಮೀಟರ್ ಪೈಪ್ ಎಳೆದು ಅದನ್ನು ಮೊದಲ ಕ್ಷೇತ್ರಕ್ಕೆಂದು ಕಡಲಲ್ಲಿ ಕಟ್ಟಿದ್ದ ಹಳೆಯ ವೇದಿಕೆಗೇ ಜೋಡಿಸಿದ್ದರು. ಹಳೆಯ ಸೋಲಿನ ಸಾಮಾನು ಹೀಗಾದರೂ ಉಪಯೋಗಕ್ಕೆ ಬಂತು. ಆ ಬಳಿಕ ಇನ್ನೆರಡು ಕ್ಷೇತ್ರಗಳು ಸೇರಿ, 2023ರ ಹೊತ್ತಿಗೆ ದೇಶದ ಅನಿಲ ಉತ್ಪಾದನೆಯ ಸುಮಾರು ಶೇ 30ರಷ್ಟು ಇಲ್ಲಿಂದಲೇ ಬರುವಂತಾಯಿತು. ಈ ಅನಿಲ ಹೊತ್ತು ಕಾಕಿನಾಡದಿಂದ ಗುಜರಾತಿನ ಭರೂಚ್‌ಗೆ ಹೋಗುವ ಕೊಳವೆಮಾರ್ಗ ಕರ್ನಾಟಕವನ್ನೂ ಹಾದುಹೋಗುತ್ತದೆ.

ಮುಂದೆ ಎಂದಾದರೂ ‘ಕಡಲಾಳದಲ್ಲಿ ಭಾರಿ ನಿಕ್ಷೇಪ ಪತ್ತೆ’ ಎಂಬ ಸುದ್ದಿ ಕಂಡರೆ, ಅಲ್ಲಿನ ಬಾವಿಗಳು ಎರಡು ಮೂರು ವರ್ಷ ಹರಿಯುವ ತನಕ ಆ ಅಂಕಿಯನ್ನು ಅಂದಾಜೆಂದೇ ಓದಿಕೊಳ್ಳಿ.