ಶಾಸ್ತ್ರೀಯ ಅನುಬಂಧನ

ಶಾಸ್ತ್ರೀಯ ಅನುಬಂಧನವು ಮನೋವಿಜ್ಞಾನದಲ್ಲಿ ವಿವರಿಸಲಾದ ಒಂದು ಮೂಲಭೂತ ಕಲಿಕಾ ವಿಧಾನ. ಸಹಜವಾಗಿ ಪ್ರತಿಕ್ರಿಯೆ ಹುಟ್ಟಿಸುವ ಪ್ರಚೋದನೆಯ ಜೊತೆಯಲ್ಲಿ ತಟಸ್ಥ ಪ್ರಚೋದನೆಯೊಂದು ಮತ್ತೆ ಮತ್ತೆ ಒದಗಿದರೆ, ಕ್ರಮೇಣ ಅದೊಂದೇ ಅಂಥ ಪ್ರತಿಕ್ರಿಯೆಯನ್ನು ಉಂಟುಮಾಡುತ್ತದೆ. ಹುಣಸೆಯ ಹುಳಿ ನಾಲಗೆಗೆ ತಾಗಿದಾಗ ಬಾಯಲ್ಲಿ ನೀರೂರುವುದು ಹುಟ್ಟುಗುಣ. ಹಣ್ಣನ್ನು ಕಂಡೊಡನೆ ನೀರೂರುವುದು ಕಲಿತದ್ದು. ಇಲ್ಲಿ ಹುಳಿಯು ಅನನುಬಂಧಿತ ಪ್ರಚೋದನೆ, ಹಣ್ಣಿನ ನೋಟವು ಅನುಬಂಧಿತ ಪ್ರಚೋದನೆ. ಹುಣಸೆಯನ್ನು ತಿಂದರಿಯದವರಿಗೆ ಅದರ ನೋಟದಿಂದ ಏನೂ ಆಗದು.

ರಷ್ಯದ ಶರೀರಕ್ರಿಯಾ ವಿಜ್ಞಾನಿ ಇವಾನ್ ಪಾವ್ಲೋವ್ (1849–1936) ನಾಯಿಗಳ ಮೇಲಿನ ಪ್ರಯೋಗಗಳಿಂದ ಇದನ್ನು ತೋರಿಸಿಕೊಟ್ಟರು. ಗಂಟೆಯ ಕಥೆಯೇ ಜನಜನಿತವಾದರೂ ಅವರು ಮೆಟ್ರೊನೋಮಿನ ಸದ್ದನ್ನೂ ಬಳಸಿದ್ದರು. 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ.

ಭಯವೂ ಹೀಗೆಯೇ ಅಂಟಿಕೊಳ್ಳುತ್ತದೆ. ಗಣಿತದ ತರಗತಿಯಲ್ಲಿ ಪದೇ ಪದೇ ಬೆತ್ತದೇಟು ತಿಂದ ಮಗುವಿಗೆ ಮುಂದೆ ಗಣಿತದ ಪುಸ್ತಕ ಕಂಡರೂ ಎದೆ ಡವಗುಟ್ಟಬಹುದು. ಇದನ್ನು ದಡ್ಡತನವೆಂದು ಬಗೆಯುವುದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆದರೆ ಬೆತ್ತ ಹೋದ ಮಾತ್ರಕ್ಕೆ ಭಯ ಹೋಗದು. ಏಟಿನ ಅಂಜಿಕೆಯಿಲ್ಲದೆ ಪುಸ್ತಕವು ಅನೇಕ ಸಲ ಎದುರಾದಾಗ ಅದು ಮೆಲ್ಲಗೆ ಕುಗ್ಗುತ್ತದೆ. ಇದಕ್ಕೆ ವಿಲೋಪ ಎಂದು ಹೆಸರು. ಹೀಗೆ ಕುಗ್ಗಿದ ಪ್ರತಿಕ್ರಿಯೆ ಕೆಲಕಾಲದ ಬಿಡುವಿನ ಅನಂತರ ತಾನಾಗಿಯೇ ಮರುಕಳಿಸುವುದೂ ಉಂಟು. ಪಾವ್ಲೋವ್ ಇದನ್ನು ತಮ್ಮ ನಾಯಿಗಳಲ್ಲಿಯೂ ಕಂಡಿದ್ದರು.