ಆಗಸ್ಟ್ ಹದಿನೈದು ಒಂದೇ ಸಾಲದು

1947ರ ಆಗಸ್ಟ್ 15ರಂದು ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮಂಗಳೂರು ಮದರಾಸು ಪ್ರಾಂತದಲ್ಲಿ. ಮೈಸೂರು ಸಂಸ್ಥಾನದ ಜನ ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ಮತ್ತೆ ಬೀದಿಗಿಳಿದು ‘ಮೈಸೂರು ಚಲೋ’ ನಡೆಸಬೇಕಾಯಿತು. ಕಲಬುರಗಿ, ರಾಯಚೂರು, ಬೀದರ್‌ಗಳು ನಿಜಾಮನ ಆಡಳಿತದಿಂದ ಬಿಡುಗಡೆಗೊಂಡದ್ದು 1948ರ ಸೆಪ್ಟೆಂಬರಿನಲ್ಲಿ. ಸ್ವಾತಂತ್ರ್ಯದ ಚರಿತ್ರೆ ಕಲಿಸುವ ಕನ್ನಡ ಜಾಲತಾಣವೊಂದು ಒಂದೇ ತಾರೀಕು ಬರೆದು ಸುಮ್ಮನಾದರೆ, ರಾಯಚೂರಿನ ವಿದ್ಯಾರ್ಥಿನಿಗೆ ತನ್ನ ಊರಿನ ಕಥೆಯೇ ಸಿಗುವುದಿಲ್ಲ.

ಆದ್ದರಿಂದ ಬಣ್ಣ, ಚಿತ್ರಗಳಿಗಿಂತ ಮೊದಲು ದತ್ತಾಂಶ ಸಿದ್ಧವಾಗಬೇಕು. ಪ್ರತಿ ಘಟನೆಗೂ ಒಂದು ಸಾಲು: ಏನು, ಎಲ್ಲಿ, ಯಾವಾಗ, ಯಾವ ದಾಖಲೆಯ ಪ್ರಕಾರ. ಸ್ಥಳಕ್ಕೆ ಅಕ್ಷಾಂಶ, ರೇಖಾಂಶಗಳನ್ನೂ ಸೇರಿಸಿದರೆ ಕಾಲ ಸರಿದಂತೆ ಬದಲಾಗುವ ನಕಾಶೆಯನ್ನು ಕಂಪ್ಯೂಟರೇ ಬರೆಯುತ್ತದೆ. 1938ರ ಏಪ್ರಿಲ್‌ಗೆ ಬನ್ನಿ. ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್. ಪಾಠದಲ್ಲಿ ಬೇರೆಬೇರೆಯಾಗಿ ಓದಿದ ಎರಡು ಊರುಗಳು ನಕಾಶೆಯಲ್ಲಿ ಒಟ್ಟಿಗೆ ಮಿನುಗಿದಾಗ, ಎರಡೂ ಕಡೆ ಜನ ಸೇರಿದ್ದು ಬಾವುಟಕ್ಕಾಗಿ ಎಂಬುದು ಮಕ್ಕಳಿಗೆ ತಾನೇ ಹೊಳೆಯುತ್ತದೆ. ವಿದುರಾಶ್ವತ್ಥದಲ್ಲಿ ಸತ್ತವರ ಸಂಖ್ಯೆ ಮೂಲದಿಂದ ಮೂಲಕ್ಕೆ ಬೇರೆಯಾಗುತ್ತದೆ. ಅವುಗಳಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಅಳಿಸುವುದು ತಪ್ಪು. ಎಲ್ಲವನ್ನೂ, ಯಾರು ಹೇಳಿದ್ದೆಂಬ ವಿವರದೊಂದಿಗೆ, ಇಡಬೇಕು.

ಮುಂದಿನ ತೊಡಕು ಅಕ್ಷರಗಳದ್ದು. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿದರೆ ಅದು ಬರೀ ಚಿತ್ರ. ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳದು. ಟೆಸೆರಾಕ್ಟ್‌ನಂಥ ಮುಕ್ತ ತಂತ್ರಾಂಶ ಕನ್ನಡದ ಚಿತ್ರವನ್ನು ಪಠ್ಯವಾಗಿ ಬದಲಿಸುತ್ತದೆ ನಿಜ, ಆದರೆ ಸವೆದ ಅಚ್ಚಿನಲ್ಲಿ ‘ಪ’, ‘ವ’, ‘ಷ’ಗಳು ಅದಕ್ಕೆ ಒಂದೇ ಥರ ಕಾಣಬಹುದು, ಒತ್ತಕ್ಷರ ಕೆಳಗಿನ ಸಾಲಿಗೆ ಜಾರಿಬಿಡಬಹುದು. ಕರಡು ತಿದ್ದಲು ಕನ್ನಡ ಬಲ್ಲವರು ಕೂರಲೇಬೇಕು.

ತಿದ್ದಿದ ಮೇಲೂ ಕಣ್ಣಿಗೆ ಕಾಣದ ತಪ್ಪು ಉಳಿಯಬಹುದು. ‘ಕೋಲಾರ’ದ ‘ಕೋ’ ನೋಡಿ. ಯೂನಿಕೋಡ್‌ನಲ್ಲಿ ಆ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು. ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಸಂಕೇತಗಳನ್ನು ಇದ್ದ ಹಾಗೆಯೇ ಹೋಲಿಸುವ ಹುಡುಕಾಟಕ್ಕೆ ಅವು ಎರಡು ಬೇರೆ ಪದಗಳು. ಕೋಲಾರದ ಅರ್ಧ ಪುಟಗಳು ಇದ್ದೂ ಇಲ್ಲದಂತಾಗುತ್ತವೆ. ಪಠ್ಯವನ್ನು ಸೇರಿಸುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಷನ್’ ಎಂಬ ಕ್ರಮವಿದೆ. ಪ್ರೋಗ್ರಾಂನಲ್ಲಿ ಒಂದು ಸಾಲಿನ ಕೆಲಸ, ಅದನ್ನು ಬಿಡಬಾರದು.

ಊರಿನ ಹೆಸರುಗಳದ್ದೂ ಇದೇ ಪಾಡು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆಯಿತು. ಹಳೆಯ ಬರಹಗಳಲ್ಲಿ ಆ ಊರು ಬೆಳಗಾಂ. ಎರಡೂ ಹೆಸರುಗಳನ್ನು ಒಂದೇ ಸ್ಥಳಸಂಖ್ಯೆಗೆ ಕಟ್ಟಿಟ್ಟರೆ, ಇಂದಿನ ಹೆಸರು ಟೈಪ್ ಮಾಡಿದ ಹುಡುಗನಿಗೂ 1924ರ ವರದಿ ಸಿಗುತ್ತದೆ.