ಗುದ್ದುವವನಿಗೆಷ್ಟು, ಅಖಾಡದ ಮಾಲೀಕನಿಗೆಷ್ಟು?

ಈಚೆಗೆ ಸನಿವೇಲ್‌ನಲ್ಲಿ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರು ಬಿಸಿಬೇಳೆಬಾತ್ ಬಡಿಸುತ್ತಲೇ ಕೇಳಿದರು: "ಯುಎಫ್‌ಸಿ ನಡೆಸೋ ಕಂಪನಿ ಷೇರು ತಗೋಬಹುದಾ? ನಮ್ಮ ಮಗ, ಅವನ ಸ್ನೇಹಿತರು ಎಲ್ಲ ಅದನ್ನೇ ನೋಡ್ತಾರೆ." ಅವರ ಪತ್ನಿ ಅಲ್ಲಿಂದಲೇ, "ಆ ರಕ್ತ ಸುರಿಸೋ ಆಟಕ್ಕೆ ನಮ್ಮ ದುಡ್ಡು ಬೇಡ" ಎಂದರು. ಇಬ್ಬರಿಗೂ ನಾನು ಹೇಳಿದ್ದು ಒಂದೇ: ನಿಮ್ಮ ದುಡ್ಡು ಆಗಲೇ ಅಲ್ಲಿದೆ.

ಯುಎಫ್‌ಸಿಯ ಮಾಲೀಕ ಕಂಪನಿ ಟಿಕೆಓ, 2025ರ ಮಾರ್ಚ್ 24ರಂದು ಎಸ್ ಆಂಡ್ ಪಿ 500 ಸೂಚ್ಯಂಕ ಸೇರಿತು. ನಿಮ್ಮ 401ಕೆ ಖಾತೆಯಲ್ಲಿ ಆ ಸೂಚ್ಯಂಕದ ಫಂಡ್ ಇದ್ದರೆ ನೀವೂ ತೀರಾ ಸಣ್ಣ ಪಾಲುದಾರರು. ಹಾಗಾಗಿ ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಅಂಕಿಗಳು ಏನು ಹೇಳುತ್ತವೆ?

2001ರಲ್ಲಿ ಫರ್ಟಿಟಾ ಸಹೋದರರು ಯುಎಫ್‌ಸಿಯನ್ನು ಕೊಂಡದ್ದು ಸುಮಾರು 20 ಲಕ್ಷ ಡಾಲರಿಗೆ. 2016ರಲ್ಲಿ ಮಾರಿದ್ದು ಸುಮಾರು 400 ಕೋಟಿ ಡಾಲರಿಗೆ. 2023ರಲ್ಲಿ ಅದು ಡಬ್ಲ್ಯುಡಬ್ಲ್ಯುಇ ಜೊತೆ ಸೇರಿ ಟಿಕೆಓ ಆಯಿತು. 2024ರಲ್ಲಿ ಯುಎಫ್‌ಸಿಯೊಂದರ ಆದಾಯವೇ ಸುಮಾರು 140 ಕೋಟಿ ಡಾಲರ್. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ, ಕಂಪನಿಯೇ ಹೊಂದಿಸಿ ತೋರಿಸುವ ಲಾಭ ಅದರಲ್ಲಿ ಸುಮಾರು ಶೇ 57. ಇಷ್ಟು ಮಾರ್ಜಿನ್ ಕಂಡರೆ ಸಾಫ್ಟ್‌ವೇರ್ ಕಂಪನಿಗಳೇ ಹೊಟ್ಟೆ ಉರಿದುಕೊಳ್ಳಬೇಕು.

2025ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ 7 ವರ್ಷದ ಅಮೆರಿಕದ ಪ್ರಸಾರ ಹಕ್ಕಿಗೆ 770 ಕೋಟಿ ಡಾಲರ್ ಒಪ್ಪಿಕೊಂಡಿತು. ವರ್ಷಕ್ಕೆ ಸರಾಸರಿ 110 ಕೋಟಿ. ದೊಡ್ಡ ಪಂದ್ಯಕ್ಕೆ ಸುಮಾರು 80 ಡಾಲರ್ ಕೊಟ್ಟು ನೋಡುವ ಪದ್ಧತಿ ಇದರೊಂದಿಗೆ ಅಮೆರಿಕದಲ್ಲಿ ಮುಗಿಯಿತು. ಯಾವ ಪಂದ್ಯ ಓಡುತ್ತದೆ, ಯಾವುದು ಮಲಗುತ್ತದೆ ಎಂಬ ಚಿಂತೆ ಬಹುಮಟ್ಟಿಗೆ ಪ್ಯಾರಾಮೌಂಟ್‌ನದು. ಟಿಕೆಓಗೆ ಬಾಡಿಗೆಯಂತೆ ಹಣ ಬರುತ್ತಿರುತ್ತದೆ.

ಸರಿ, ಆ ಶೇ 57 ಎಲ್ಲಿಂದ ಬಂತು? ಉತ್ತರಕ್ಕೆ ನಮ್ಮ ಸ್ಯಾನ್ ಹೋಸೆಗೇ ಹೋಗಬೇಕು.

ಸ್ಯಾನ್ ಹೋಸೆಯ ಕಥೆ

2006ರ ಮಾರ್ಚ್ 10ರಂದು, ಈಗ ಸ್ಯಾಪ್ ಸೆಂಟರ್ ಎನ್ನುವ ಕ್ರೀಡಾಂಗಣದಲ್ಲಿ ಸ್ಟ್ರೈಕ್‌ಫೋರ್ಸ್ ಎಂಬ ಸಂಸ್ಥೆ ಕ್ಯಾಲಿಫೋರ್ನಿಯಾದ ಅಧಿಕೃತ ಅನುಮತಿ ಪಡೆದ ಮೊದಲ ಎಂಎಂಎ ಪಂದ್ಯಾವಳಿ ನಡೆಸಿತು. ನೋಡಲು ಬಂದವರು 18,265 ಜನ. ಆ ರಾತ್ರಿ ಎಂಎಂಎಗೆ ಕಾಲಿಟ್ಟವರಲ್ಲಿ ಒಬ್ಬರು ಕಂಗ್ ಲೀ. ಸೈಗಾನ್‌ನಲ್ಲಿ ಹುಟ್ಟಿ, ನಿರಾಶ್ರಿತರಾಗಿ ಬಂದು ಸ್ಯಾನ್ ಹೋಸೆಯಲ್ಲಿ ಬೆಳೆದವರು. ಎರಡು ವರ್ಷದ ನಂತರ ಅದೇ ಅಂಗಳದಲ್ಲಿ ಫ್ರ್ಯಾಂಕ್ ಶ್ಯಾಮ್‌ರಾಕ್ ಅವರನ್ನು ಸೋಲಿಸಿ ಚಾಂಪಿಯನ್ ಆದರು.

2011ರಲ್ಲಿ ಯುಎಫ್‌ಸಿಯ ಮಾಲೀಕರು ಸ್ಟ್ರೈಕ್‌ಫೋರ್ಸನ್ನೇ ಕೊಂಡರು. 2013ರಲ್ಲಿ ಅದನ್ನು ಮುಚ್ಚಿದರು.

ಇದರ ಅರ್ಥ ನಮಗೆ ಸುಲಭವಾಗಿ ಆಗುತ್ತದೆ. ನಮ್ಮ ಕಡೆಯ ಪೈಲ್ವಾನನಿಗೆ ಒಂದು ಜಾತ್ರೆಯ ಕುಸ್ತಿಯಲ್ಲಿ ಇನಾಮು ಕಮ್ಮಿ ಅನ್ನಿಸಿದರೆ ಮುಂದಿನ ಊರಿನ ಜಾತ್ರೆಗೆ ಹೋಗುತ್ತಾನೆ. ಸುತ್ತಮುತ್ತಲ ಜಾತ್ರೆಗಳನ್ನೆಲ್ಲ ಒಬ್ಬನೇ ಗುತ್ತಿಗೆ ಹಿಡಿದುಬಿಟ್ಟರೆ? ಅವನು ಕೊಟ್ಟಷ್ಟೇ ಇನಾಮು.

2014ರ ಡಿಸೆಂಬರ್‌ನಲ್ಲಿ ಕಂಗ್ ಲೀ ಮತ್ತು ಜೊತೆಗಾರರು ಸ್ಯಾನ್ ಹೋಸೆಯ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಸ್ಪರ್ಧೆಯನ್ನು ಅಡಗಿಸಿ ನಮ್ಮ ಸಂಭಾವನೆ ಇಳಿಸಿದ್ದಾರೆ ಎಂಬುದು ದೂರು. ಮೊಕದ್ದಮೆ ನೆವಾಡಾಕ್ಕೆ ವರ್ಗವಾಗಿ, ಹತ್ತು ವರ್ಷ ಎಳೆದು, 2025ರ ಫೆಬ್ರವರಿಯಲ್ಲಿ 37.5 ಕೋಟಿ ಡಾಲರಿನ ರಾಜಿಗೆ ನ್ಯಾಯಾಧೀಶರ ಅಂತಿಮ ಒಪ್ಪಿಗೆ ಸಿಕ್ಕಿತು. ಮೊದಲು ತಂದಿದ್ದ 33.5 ಕೋಟಿಯ ರಾಜಿಯನ್ನು ಅವರೇ ತಿರಸ್ಕರಿಸಿದ್ದರು. ಈ ಮೊಕದ್ದಮೆಯಿಂದ ಹೊರಬಂದ ಲೆಕ್ಕದ ಪ್ರಕಾರ ಯುಎಫ್‌ಸಿ ಆದಾಯದಲ್ಲಿ ಹೋರಾಟಗಾರರ ಪಾಲು ಶೇ 20ರ ಆಸುಪಾಸು. ಎನ್‌ಬಿಎ ಆಟಗಾರರಿಗೆ ಸುಮಾರು ಅರ್ಧ ಸಿಗುತ್ತದೆ, ಏಕೆಂದರೆ ಅವರಿಗೆ ಸಂಘವಿದೆ.

ಬಾಕ್ಸಿಂಗ್ ಯಾಕೆ ಹಿಂದುಳಿಯಿತು?

ಬಾಕ್ಸಿಂಗ್‌ನದು ಉಲ್ಟಾ ರೋಗ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಓ ಎಂದು ನಾಲ್ಕು ಸಂಸ್ಥೆಗಳು, ಒಂದೇ ತೂಕಕ್ಕೆ ನಾಲ್ವರು ಚಾಂಪಿಯನ್ನರು. ಜನ ಕೇಳಿದ ಮೇವೆದರ್–ಪಕ್ವಿಯಾವ್ ಪಂದ್ಯ ನಡೆಯಲು 2015 ಬರಬೇಕಾಯಿತು. ಎಚ್‌ಬಿಓ 2018ರಲ್ಲಿ, ಶೋಟೈಮ್ 2023ರಲ್ಲಿ ಬಾಕ್ಸಿಂಗ್ ಕೈಬಿಟ್ಟವು.

ಆದರೆ ಜನರ ಆಸಕ್ತಿ ಸತ್ತಿಲ್ಲ. 2024ರ ನವೆಂಬರ್‌ನಲ್ಲಿ ಜೇಕ್ ಪಾಲ್–ಟೈಸನ್ ಪಂದ್ಯವನ್ನು 6 ಕೋಟಿ ಮನೆಗಳು ನೋಡಿದವು ಎಂದಿತು ನಮ್ಮ ಲಾಸ್ ಗಾಟೋಸ್‌ನ ನೆಟ್‌ಫ್ಲಿಕ್ಸ್. ಟಿಕೆಓ ಈಗ ಸೌದಿಯ ಸೆಲಾ ಜೊತೆ ಸೇರಿ ಜುಫಾ ಬಾಕ್ಸಿಂಗ್ ಹೆಸರಲ್ಲಿ ಇಲ್ಲಿಗೂ ಇಳಿದಿದೆ.

ಒಂದು ತೊಡಕಿದೆ. 2000ದ ಮೊಹಮ್ಮದ್ ಅಲಿ ಕಾಯ್ದೆಯ ಪ್ರಕಾರ ಪಂದ್ಯದಿಂದ ತನಗೆ ಬಂದ ಹಣವೆಷ್ಟು ಎಂದು ಪ್ರವರ್ತಕ ಬಾಕ್ಸರಿಗೆ ತಿಳಿಸಬೇಕು. ಎಂಎಂಎಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಯುಎಫ್‌ಸಿ ಮಾದರಿಯಲ್ಲಿ ಎಲ್ಲವನ್ನೂ ಒಂದೇ ಸಂಸ್ಥೆ ನಡೆಸಲು ದಾರಿ ಮಾಡುವ ತಿದ್ದುಪಡಿ ಮಸೂದೆ 2025ರ ಜುಲೈನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು.

ನನ್ನ ಲೆಕ್ಕಾಚಾರ

ಆಟದ ಭವಿಷ್ಯದ ಬಗ್ಗೆ ನನಗೆ ಅನುಮಾನ ಕಡಿಮೆ. ನನ್ನ ಅನುಮಾನವಿರುವುದು ಮಾರ್ಜಿನ್ ಬಗ್ಗೆ. ಹೋರಾಟಗಾರರ ಪಾಲು ಶೇ 20ರಿಂದ 30ಕ್ಕೆ ಏರಿದರೆ, ಉಳಿದ ಖರ್ಚು ಹಾಗೇ ಇದ್ದರೆ, ಶೇ 57 ಹೋಗಿ 47 ಆಗುತ್ತದೆ. ಅಂದರೆ ಲಾಭದಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಖೋತಾ. ಷೇರು ಕೊಳ್ಳುವವರು ಅಲಿ ಕಾಯ್ದೆಯ ತಿದ್ದುಪಡಿ, ಹೊಸ ದಾವೆಗಳು, ಹೋರಾಟಗಾರರ ಸಂಘಟನೆ, ಈ ಮೂರರ ಮೇಲೆ ಕಣ್ಣಿಡಬೇಕು. ಇನ್ನೊಂದು ಮಾತು: ಟಿಕೆಓದ ಬಹುಮತ ಇರುವುದು ಎಂಡೆವರ್ ಕೈಯಲ್ಲಿ, ಎಂಡೆವರ್ ಇರುವುದು ಮೆನ್ಲೋ ಪಾರ್ಕ್‌ನ ಸಿಲ್ವರ್ ಲೇಕ್ ಕೈಯಲ್ಲಿ. ಸಣ್ಣ ಷೇರುದಾರನ ಮಾತು ಅಲ್ಲಿ ನಡೆಯುವುದಿಲ್ಲ.

ನಾನು ಇಂಡೆಕ್ಸ್ ಫಂಡ್ ಇಟ್ಟುಕೊಂಡಿದ್ದೇನೆ, ಬೇರೆಯಾಗಿ ಟಿಕೆಓ ಕೊಂಡಿಲ್ಲ. ಗೆಳೆಯರಿಗೂ ಇದನ್ನೇ ಹೇಳಿದೆ. ಅವರ ಪತ್ನಿ ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ: "ಏಟು ತಿನ್ನೋರಿಗೆ ಕಮ್ಮಿ ಕೊಟ್ಟಿದ್ದಕ್ಕೇ ನಮಗೆ ಲಾಭ ಬರ್ತಿದ್ಯಾ ಹಾಗಾದ್ರೆ?" ಒಂದಷ್ಟು ಮಟ್ಟಿಗೆ, ಹೌದು.

(ಇದು ನನ್ನ ವೈಯಕ್ತಿಕ ಅಭಿಪ್ರಾಯ, ಹೂಡಿಕೆಯ ಸಲಹೆ ಅಲ್ಲ.)